‘ಸುಧಾರಿಸಿದ’ ಕುದುರೆ ಮೋವರ್ ಕೊಳ್ಳುವವರು ಗಮನಿಸಿ

ಅಮೆರಿಕದ ಓಹಾಯೊ, ಪೆನ್ಸಿಲ್ವೇನಿಯಾ ಕಡೆ ಸಣ್ಣ ಜಮೀನು ಕೊಂಡು, ಕುದುರೆಗಳಿಂದಲೇ ಬೇಸಾಯ ಮಾಡುವ ಆಮಿಶ್ ಎಂಬ ಕ್ರೈಸ್ತ ಪಂಗಡದ ನೆರೆಹೊರೆಯವರಂತೆ ಕುದುರೆಗಳಿಂದಲೇ ಹುಲ್ಲು ಕೊಯ್ದು ಒಣಗಿಸಿಕೊಳ್ಳಬೇಕೆಂದು ಯೋಚಿಸುತ್ತಿರುವ ಕನ್ನಡಿಗರು ಒಬ್ಬೊಬ್ಬರಾಗಿ ನನ್ನನ್ನು ವಿಚಾರಿಸುತ್ತಿದ್ದಾರೆ. ಅವರು ಹಣ ಕೊಡುವ ಮೊದಲು ಇದನ್ನು ಓದಲಿ ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ. ಹುಲ್ಲು ಕೊಯ್ಯುವ ಹಳೆಯ ಮೋವರುಗಳನ್ನು ಬಿಚ್ಚಿ, ಬಣ್ಣ ಬಳಿದು, ಒಂದಷ್ಟು ಭಾಗಗಳನ್ನು ಬದಲಿಸಿ ‘ಸುಧಾರಿತ’ ಎಂದು ಮಾರುವವರಲ್ಲಿ ಕೆಲಸ ಬಲ್ಲವರು ಬಹಳ ಮಂದಿ ಇದ್ದಾರೆ. ಆದರೆ ನಮಗೆ ಸಿಕ್ಕ ಯಂತ್ರ ಅಂಥವರ ಕೈಯಿಂದ ಬಂದದ್ದಾಗಿರಲಿಲ್ಲ.

ಮೊದಲು ಯಂತ್ರದ ವಿಷಯ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಮೆಕಾರ್ಮಿಕ್-ಡೀರಿಂಗ್ ನಂಬರ್ 9 ಮೋವರ್ 1930ರ ದಶಕದ ಕೊನೆಗೆ ಬಂದದ್ದು, ಮತ್ತು ಜೋಡಿ ಕುದುರೆ ಎಳೆಯುವ ಮೋವರುಗಳ ಪೈಕಿ ಇಂದಿಗೂ ಹೆಚ್ಚು ಬೇಡಿಕೆ ಇರುವುದು ಅದಕ್ಕೇ. ಅದಕ್ಕೆ ಎಂಜಿನ್ ಇಲ್ಲ. ಗಾಲಿ ಉರುಳಿದಂತೆ ಎಣ್ಣೆಯಲ್ಲಿ ಮುಳುಗಿದ ಗಿಯರುಗಳು ಒಂದು ಸಣ್ಣ ಭಾರದ ಚಕ್ರವನ್ನು ವೇಗವಾಗಿ ತಿರುಗಿಸುತ್ತವೆ; ಆ ಚಕ್ರಕ್ಕೆ ಸಿಕ್ಕಿಸಿದ ಪಿಟ್‌ಮನ್ ಎಂಬ ಮರದ ಕೋಲು, ಬಲಕ್ಕೆ ಚಾಚಿಕೊಂಡ ಬಾರು ಎಂಬ ಕಬ್ಬಿಣದ ತೋಳಿನೊಳಗಿನ ಅಲಗನ್ನು ಅತ್ತಿಂದಿತ್ತ ಆಡಿಸುತ್ತದೆ. ಅಲಗೆಂದರೆ ಮೂರಂಗುಲ ಅಗಲದ ತ್ರಿಕೋನ ತುಂಡುಗಳನ್ನು ಸಾಲಾಗಿ ರಿವೆಟ್ ಹೊಡೆದ ಪಟ್ಟಿ. ಬಾರಿನ ಮೇಲೆ ಬೆರಳುಗಳಂತೆ ಚಾಚಿರುವ ಗಾರ್ಡುಗಳ ಅಂಚಿಗೆ ತಾಗಿ ಅದು ಹುಲ್ಲನ್ನು ಕತ್ತರಿಸುತ್ತದೆ. ಇಷ್ಟು ತಿಳಿದಿದ್ದರೆ ಮುಂದಿನದು ಅರ್ಥವಾಗುತ್ತದೆ.

ನಮ್ಮ ಮಾರಾಟಗಾರ, ಅವನ ಹೆಸರು ಇಲ್ಲಿ ಬೇಡ, ಮೂರು ಬದಲಾವಣೆಗಳನ್ನು ಹೆಮ್ಮೆಯಿಂದ ತೋರಿಸಿದ್ದ. ನೆಲ ಕಚ್ಚುವ ದಿಂಡುಗಳಿದ್ದ ಕಬ್ಬಿಣದ ಗಾಲಿಗಳ ಬದಲು ಗಾಳಿ ತುಂಬಿದ ರಬ್ಬರ್ ಟೈರು ಹಾಕಿದ್ದ, ಕುಲುಕಾಟ ಕಡಿಮೆಯಾಗಲೆಂದು. ಮರದ ಪಿಟ್‌ಮನ್ ಬದಲು ಉಕ್ಕಿನದು, ಪದೇ ಪದೇ ಮುರಿಯದಿರಲೆಂದು. ಐದಡಿಯ ಬಾರಿನ ಜಾಗದಲ್ಲಿ ಏಳಡಿಯದು, ಕೆಲಸ ಬೇಗ ಮುಗಿಯಲೆಂದು. ಒಂದೊಂದನ್ನೂ ಪ್ರತ್ಯೇಕವಾಗಿ ಕೇಳಿದರೆ ಸರಿಯೆನಿಸುವ ಮಾತುಗಳೇ. ಕಲ್ಲುಹಾಸಿನ ಅಂಗಳದಲ್ಲಿ ಯಂತ್ರವನ್ನು ಎಳೆದು ತೋರಿಸಿದಾಗ ಅಲಗು ಚೆನ್ನಾಗಿಯೇ ಓಡಿತು, ಏಕೆಂದರೆ ಅಲ್ಲಿ ಕತ್ತರಿಸಲು ಹುಲ್ಲಿರಲಿಲ್ಲ.

ಜೂನ್ ತಿಂಗಳಲ್ಲಿ ವರ್ಷದ ಮೊದಲ ಕೊಯ್ಲಿಗೆ ಟಿಮೊಥಿ ಹುಲ್ಲು ಸೊಂಟದೆತ್ತರ ಬೆಳೆದು ದಟ್ಟವಾಗಿ ನಿಂತಿತ್ತು. ಬುಡದಲ್ಲಿ ಇನ್ನೂ ತೇವವಿದ್ದಲ್ಲೆಲ್ಲ ಟೈರುಗಳು ಉರುಳದೆ ಜಾರತೊಡಗಿದವು. ಗಾಲಿಯೇ ಎಂಜಿನ್ ಆಗಿರುವ ಯಂತ್ರದಲ್ಲಿ ಗಾಲಿ ಜಾರಿತೆಂದರೆ ಅಲಗು ನಿಧಾನವಾಯಿತೆಂದೇ ಅರ್ಥ. ಅಲಗು ನಿಧಾನವಾದರೂ ಕುದುರೆಗಳು ಅದೇ ಹೆಜ್ಜೆಯಲ್ಲಿ ಮುಂದೆ ಹೋಗುತ್ತಿರುವುದರಿಂದ, ಹುಲ್ಲು ಕತ್ತರಿಸಲ್ಪಡದೆ ಗಾರ್ಡುಗಳ ನಡುವೆ ಜಗಿದ ನಾರಿನಂತೆ ತುಂಬಿಕೊಳ್ಳುತ್ತದೆ. ಪ್ರತಿ ಸಾಲಿನಲ್ಲೂ ನಿಲ್ಲಿಸಿ, ಕುದುರೆಗಳನ್ನು ಹಿಂದಕ್ಕೆ ಸರಿಸಿ, ಬಾರಿಗೆ ಸಿಕ್ಕಿದ ಹುಲ್ಲು ಬಿಡಿಸಿ, ಮತ್ತೆ ಹೊರಡಬೇಕಾಯಿತು. ಇಷ್ಟೇ ಆಗಿದ್ದರೆ ಬೇಸರದ ಸಂಗತಿಯೆಂದು ಸುಮ್ಮನಾಗಬಹುದಿತ್ತು.

ಈ ಭಾಗದ ಹುಲ್ಲುಗಾವಲುಗಳಲ್ಲಿ ಗ್ರೌಂಡ್‌ಹಾಗ್ ಎಂಬ ಪ್ರಾಣಿ ಬಿಲ ತೋಡಿ ಮಣ್ಣುಕಲ್ಲುಗಳನ್ನು ಹೊರಗೆ ಗುಡ್ಡೆ ಹಾಕುತ್ತದೆ. ಹುಲ್ಲು ಎತ್ತರವಿದ್ದಾಗ ಗುಡ್ಡೆ ಕಾಣುವುದಿಲ್ಲ. ಅಂಥ ಒಂದು ಗುಡ್ಡೆಯ ಕಲ್ಲು ಗಾರ್ಡುಗಳ ನಡುವೆ ಸಿಕ್ಕಿ ಅಲಗು ಒಮ್ಮೆಲೇ ನಿಂತಿತು. ಮರದ ಪಿಟ್‌ಮನ್ ಇದ್ದಿದ್ದರೆ ಅದು ಲಟಕ್ಕನೆ ಮುರಿದು, ಹಿಂದಿನ ಯಂತ್ರವೆಲ್ಲ ಉಳಿಯುತ್ತಿತ್ತು. ಇನ್ನೊಂದು ಕೋಲು ಹಾಕಿಕೊಂಡು ಮಧ್ಯಾಹ್ನಕ್ಕೇ ಕೆಲಸ ಮುಂದುವರಿಸಬಹುದಿತ್ತು. ಉಕ್ಕಿನ ಕೋಲು ಮುರಿಯಲಿಲ್ಲ. ಓಡುತ್ತಿದ್ದ ಚಕ್ರದ ಬಲವೂ ಎರಡು ಬೆಲ್ಜಿಯನ್ ಕುದುರೆಗಳ ಬಲವೂ ಮುಂದಿನ ದುರ್ಬಲ ಜಾಗವನ್ನು ಹುಡುಕಿಕೊಂಡವು: ಅಲಗಿನ ತಲೆ ಕಿತ್ತುಬಂತು, ಚಕ್ರದ ಬೇರಿಂಗ್ ಕೂರುವ ಬೀಡು ಕಬ್ಬಿಣದ ಚೌಕಟ್ಟು ಬಿರುಕು ಬಿಟ್ಟಿತು. ಬೀಡನ್ನು ಸಾಮಾನ್ಯ ವೆಲ್ಡಿಂಗ್‌ನಲ್ಲಿ ಕೂಡಿಸಿದರೆ ಪಕ್ಕದಲ್ಲೇ ಮತ್ತೆ ಬಿರಿಯುವ ಸಂಭವ ಹೆಚ್ಚು. ನಿಧಾನವಾಗಿ ಕಾಯಿಸಿ ಹಿತ್ತಾಳೆಯಿಂದ ಬೆಸೆಯಬಲ್ಲ ಕಸುಬುದಾರ ಸಿಗಬೇಕು, ಸಿಕ್ಕರೂ ಅವನ ಕೂಲಿ ಅಗ್ಗವಲ್ಲ. ಮುರಿಯಲೆಂದೇ ಇಟ್ಟಿದ್ದ ಭಾಗವನ್ನು ದೋಷವೆಂದು ತಿಳಿದು ತೆಗೆದುಹಾಕಿದ ಈ ‘ಸುಧಾರಣೆ’ಯೇ ಮೂರರಲ್ಲಿ ಅತ್ಯಂತ ಕೆಟ್ಟದ್ದೆಂದು ನನ್ನ ಅಭಿಪ್ರಾಯ.

ಅಷ್ಟರಲ್ಲಿ ಕುದುರೆಗಳ ಹೆಗಲೂ ಕೆಟ್ಟಿತ್ತು. ಕುದುರೆ ದಿನವಿಡೀ ಎಳೆಯಬಲ್ಲ ಬಲ ಅದರ ದೇಹತೂಕದ ಹತ್ತನೆಯ ಒಂದು ಭಾಗದಷ್ಟೆಂದು ಲೆಕ್ಕ. ಏಳಡಿಯ ಬಾರು ದಟ್ಟ ಹುಲ್ಲಿನಲ್ಲಿ ಜೋಡಿಯಿಂದ ಅದಕ್ಕೂ ಹೆಚ್ಚನ್ನು ಕೇಳುತ್ತದೆ. ಉದ್ದದ ಬಾರು ಬಲಗಡೆ ಹಿಂದಕ್ಕೆ ಜಗ್ಗಿದಂತೆಲ್ಲ ಮೂಕಿ ಬಲಕ್ಕೆ ತಿರುಗಿ ಆ ಬದಿಯ ಹೆಣ್ಣುಕುದುರೆಯನ್ನು ಒತ್ತುತ್ತಿತ್ತು. ನೊಗದಿಂದ ಎತ್ತಿನ ಹೆಗಲು ಬಾಯುವುದನ್ನು ಊರಿನಲ್ಲಿ ಕಂಡವರಿಗೆ ಕೊರಳಪಟ್ಟಿಯ ಅಡಿಯ ಆ ಗಾಯವನ್ನು ವಿವರಿಸಬೇಕಾಗಿಲ್ಲ. ಅದು ಮಾಯುವವರೆಗೆ ಜೋಡಿ ಕಟ್ಟುವಂತಿಲ್ಲ.

ಕತ್ತರಿಸಿ ಬಿದ್ದಿದ್ದ ಹುಲ್ಲನ್ನು ಹರವಿ ತಿರುವುವ ಮೊದಲೇ ಮಳೆ ಬಂತು. ತೇವಾಂಶ ನೂರಕ್ಕೆ ಇಪ್ಪತ್ತನ್ನು ಮೀರಿದ ಹುಲ್ಲನ್ನು ಕಟ್ಟಿ ಕೊಟ್ಟಿಗೆಗೆ ಸೇರಿಸಿದರೆ ಒಳಗೇ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ಹಾಗೆ ಕಾವು ಹೆಚ್ಚಿ ತಾನಾಗಿ ಹೊತ್ತಿಕೊಂಡು ಸುಟ್ಟುಹೋದ ಕೊಟ್ಟಿಗೆಗಳೂ ಉಂಟು. ಬೂಷ್ಟಿನ ಹುಲ್ಲು ಕುದುರೆಯ ಉಸಿರಾಟಕ್ಕೆ ಕುತ್ತು ತರುವುದರಿಂದ ಆ ಕೊಯ್ಲನ್ನು ಗೊಬ್ಬರದ ರಾಶಿಗೆ ಹಾಕಿ, ಚಳಿಗಾಲಕ್ಕೆ ಹೊರಗಿನಿಂದ ಹುಲ್ಲು ಕೊಂಡೆವು. ಮಾರಾಟಗಾರನನ್ನು ಕೇಳಿದ್ದಕ್ಕೆ ‘ನಿಮ್ಮ ಕುದುರೆಗಳು ಪಳಗಿಲ್ಲ’ ಎಂದ. ರಸೀದಿಯಲ್ಲಿ ‘ಇದ್ದ ಸ್ಥಿತಿಯಲ್ಲೇ ಮಾರಲಾಗಿದೆ’ ಎಂಬ ಸಾಲಿತ್ತು. ನೀವು ಕೊಳ್ಳುವಾಗ ಯಾವ ಯಾವ ಭಾಗ ಬದಲಾಗಿದೆ, ಹಳೆಯ ಭಾಗಗಳು ಎಲ್ಲಿವೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ, ಮತ್ತು ನಿಂತ ಹುಲ್ಲಿನಲ್ಲಿ ಓಡಿಸಿ ತೋರಿಸಲು ಒಪ್ಪದವರಿಂದ ಕೊಳ್ಳಬೇಡಿ.

ಹಳೆಯದೆಲ್ಲ ಶ್ರೇಷ್ಠವೆಂದು ನಾನು ಹೇಳುತ್ತಿಲ್ಲ. ಎರಡು ಅಲಗುಗಳು ಎದುರುಬದುರಾಗಿ ಓಡುವ ಬಾರುಗಳಲ್ಲಿ ಒಂದರ ಅಲುಗಾಟವನ್ನು ಇನ್ನೊಂದು ತಡೆಯುವುದರಿಂದ ಯಂತ್ರಕ್ಕೆ ನಿಜವಾಗಿಯೂ ಹಿತ. ಮೂಕಿಯ ಭಾರ ಕುದುರೆಗಳ ಕೊರಳಿಗೆ ಬೀಳದಂತೆ ಮುಂದೆ ಸಣ್ಣ ಗಾಲಿಗಳನ್ನು ಕೊಡುವುದೂ ಒಳ್ಳೆಯದೇ. ಕುದುರೆಗಳಿಗೂ ಯಂತ್ರಕ್ಕೂ ನಡುವೆ ಕಟ್ಟುವ, ಎಂಜಿನ್ ಇರುವ ಮುಂಗಾಡಿಗೆ ಮೋವರ್ ಜೋಡಿಸಿದರೆ ಎಳೆತ ಹಗುರವಾಗುವುದೂ ಹೌದು, ಆದರೆ ಅಲ್ಲಿ ಕುದುರೆ ನಿಂತರೂ ಅಲಗು ನಿಲ್ಲುವುದಿಲ್ಲ ಎಂಬುದನ್ನು ಮರೆಯಬಾರದು.

ನೋಡಲು ಹೋದಾಗ ಅಲಗನ್ನು ಪಿಟ್‌ಮನ್‌ನಿಂದ ಬಿಡಿಸಿ ಕೈಯಿಂದ ಎಳೆಯಿರಿ. ಅದು ಬಾರಿನಲ್ಲಿ ಸಲೀಸಾಗಿ ಜಾರಬೇಕು, ಆದರೆ ಮೇಲೆ ಕೆಳಗೆ ಅಲ್ಲಾಡಬಾರದು. ಮತ್ತೆ ಜೋಡಿಸಿ ಚಕ್ರ ತಿರುಗಿಸಿದಾಗ, ಓಟದ ಎರಡೂ ಕೊನೆಯಲ್ಲಿ ಪ್ರತಿ ತ್ರಿಕೋನವೂ ಗಾರ್ಡಿನ ನಟ್ಟನಡುವೆ ನಿಲ್ಲಬೇಕು. ಬಾರಿನ ಹೊರತುದಿ ಒಳತುದಿಗಿಂತ ಅಡಿಗೆ ಕಾಲಂಗುಲದಂತೆ ಮುಂದಿರಬೇಕು, ಐದಡಿಗೆ ಸುಮಾರು ಒಂದೂಕಾಲು ಅಂಗುಲ. ಹುಲ್ಲಿನ ಒತ್ತಡಕ್ಕೆ ತುದಿ ಹಿಂದೆ ಸರಿದಾಗ ಅಲಗೂ ಪಿಟ್‌ಮನ್ನೂ ಒಂದೇ ನೇರಕ್ಕೆ ಬರಲೆಂದು ಈ ಮುಂಚಾಚು. ನಮ್ಮ ಯಂತ್ರದಲ್ಲಿ ತುದಿ ಹಿಂದಕ್ಕೇ ಬಾಗಿತ್ತೆಂದು ಆಮೇಲೆ ನೆರೆಯ ರೈತರೊಬ್ಬರು ದಾರ ಹಿಡಿದು ತೋರಿಸಿದರು. ಗಾಲಿಯ ಗುಂಬದೊಳಗಿನ ಕೊಕ್ಕೆಗಳು ಹಿಂದೆ ತಳ್ಳಿದಾಗ ಟಿಕ್ ಟಿಕ್ ಎನ್ನಬೇಕು, ಮುಂದೆ ತಳ್ಳಿದಾಗ ತಕ್ಷಣ ಹಿಡಿಯಬೇಕು. ಗಿಯರ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಕುದುರೆ ಕಟ್ಟಿರುವಾಗ ಇದ್ಯಾವುದನ್ನೂ ಮುಟ್ಟಿ ನೋಡಬೇಡಿ. ಸಾಲಿನ ನಡುವೆ ಸಿಕ್ಕಿಕೊಂಡ ಹುಲ್ಲನ್ನು ತೆಗೆಯುವುದಾದರೂ ಮೊದಲು ಗಿಯರ್ ಬಿಡಿಸಿ, ಲಗಾಮನ್ನು ಇನ್ನೊಬ್ಬರ ಕೈಗೆ ಕೊಟ್ಟು, ಬಾರಿನ ಹಿಂದೆಯೇ ನಿಂತು ಕೋಲಿನಿಂದ ತೆಗೆಯಿರಿ.