ಚಾಚಿದ ಕೈಗೆ ಹತ್ತು ರೂಪಾಯಿಯ ಟೋಕನ್: ಇಂದಿರಾ ಕ್ಯಾಂಟೀನ್ ಕುರಿತು ಒಂದು ವಿಮರ್ಶೆ

ಇಂದಿರಾ ಕ್ಯಾಂಟೀನ್‌ನ ಇಡ್ಲಿ ಎಷ್ಟು ಮೆತ್ತಗಿದೆ, ಸಾಂಬಾರಿನಲ್ಲಿ ಬೇಳೆ ಎಷ್ಟಿದೆ ಎಂಬುದರ ಬಗ್ಗೆ ಬೇಕಾದಷ್ಟು ಮಂದಿ ಬರೆದಿದ್ದಾರೆ. ನಾನು ಈ ಸೇವೆಯನ್ನು ಬೇರೊಂದು ಪ್ರಶ್ನೆಯಿಂದ ಅಳೆಯಲು ಹೊರಟಿದ್ದೇನೆ. ಬೀದಿಯಲ್ಲಿ ಕೈಯೊಡ್ಡಿದವರಿಗೆ ನಗದು ಕೊಡಲು ಇಷ್ಟವಿಲ್ಲದ, ಹಾಗೆಂದು ಅವರನ್ನು ಬರಿಗೈಯಲ್ಲಿ ಕಳಿಸಲೂ ಮನಸ್ಸೊಪ್ಪದ ಬೆಂಗಳೂರಿನವರಿಗೆ ಇದು ಎಷ್ಟರಮಟ್ಟಿಗೆ ಒದಗಿಬರುತ್ತದೆ? ಬೆಲೆಯಲ್ಲಿ ಇದಕ್ಕೆ ಸಾಟಿಯಿಲ್ಲ; ಊಟ ಬಡಿಸುವ ರೀತಿಯಲ್ಲಿ ಗೌರವವಿದೆ; ಆದರೆ ಸಿಗ್ನಲ್‌ನಲ್ಲಿ ನಿಂತವರ ಪಾಲಿಗೆ ಇದು ಬಹಳ ಸಲ ಕೈಗೆಟುಕದ ದೂರದಲ್ಲಿ ಉಳಿಯುತ್ತದೆ.

ಭಿಕ್ಷೆ ಕೇಳಿದಾಗ ನಾವು ಕೊಡುವ ಉತ್ತರಗಳು ಹೆಚ್ಚುಕಡಿಮೆ ಸಿದ್ಧವಾಗಿಯೇ ಇರುತ್ತವೆ. 'ಮುಂದೆ ಹೋಗಮ್ಮ' ಎಂಬುದು ಹಳೆಯದು. 'ಚಿಲ್ಲರೆ ಇಲ್ಲ' ಎಂಬುದು, ಎಳನೀರಿಗೂ ಮೊಬೈಲಿನಲ್ಲೇ ಹಣ ಕಳಿಸುವ ಈ ಕಾಲದಲ್ಲಿ, ಹಲವರ ಮಟ್ಟಿಗೆ ನಿಜವೇ ಆಗಿಬಿಟ್ಟಿದೆ. 'ಕೈಕಾಲು ಗಟ್ಟಿಯಿದೆ, ದುಡಿದು ತಿನ್ನೋಕೆ ಆಗಲ್ವಾ' ಎನ್ನುವವರೂ ಇದ್ದಾರೆ. ಕಾರಿನ ಗಾಜು ಏರಿಸಿ ಫೋನಿನ ಕಡೆ ಕಣ್ಣು ತಿರುಗಿಸುವವರಂತೂ ಎಲ್ಲರಿಗಿಂತ ಹೆಚ್ಚು. ಇವೆಲ್ಲಕ್ಕಿಂತ ಮರ್ಯಾದಸ್ಥವಾಗಿ ಕೇಳಿಸುವ ಉತ್ತರವೆಂದರೆ 'ದುಡ್ಡು ಕೊಟ್ಟರೆ ಕುಡಿದುಬಿಡುತ್ತಾರೆ, ಬೇಕಾದರೆ ಊಟ ಕೊಡಿಸುತ್ತೇನೆ' ಎಂಬುದು. ಈ ಮಾತು ಆಡಿದವರಲ್ಲಿ ಎಷ್ಟು ಜನ ನಿಜಕ್ಕೂ ಊಟ ಕೊಡಿಸಿದ್ದಾರೆ ಎಂದು ನನಗೆ ಬಹುಕಾಲದಿಂದ ಅನುಮಾನವಿದೆ. ದರ್ಶಿನಿಯ ಊಟದ ಬೆಲೆ ಏರುತ್ತಲೇ ಇದೆ. ಜೊತೆಗೆ, ಮಾಸಿದ ಬಟ್ಟೆಯವರನ್ನು ಬಾಗಿಲಲ್ಲೇ ತಡೆದು 'ಪಾರ್ಸೆಲ್ ಕೊಡ್ತೀವಿ, ಒಳಗೆ ಬೇಡ' ಎನ್ನುವ ಹೋಟೆಲುಗಳಿಗೂ ನಗರದಲ್ಲಿ ಕೊರತೆಯಿಲ್ಲ. ಇಂದಿರಾ ಕ್ಯಾಂಟೀನ್ ಈ ಎರಡೂ ನೆಪಗಳನ್ನು ಕಿತ್ತುಕೊಳ್ಳುತ್ತದೆ ಎಂಬುದೇ ನನ್ನ ಆಸಕ್ತಿಗೆ ಕಾರಣ.

ತಮಿಳುನಾಡಿನಲ್ಲಿ 2013ರಲ್ಲಿ ಆರಂಭವಾದ ಅಮ್ಮ ಉಣವಗಂ ಎಂಬ ಅಗ್ಗದ ದರದ ಸರ್ಕಾರಿ ಕ್ಯಾಂಟೀನ್‌ಗಳ ಮಾದರಿಯನ್ನು ಮುಂದಿಟ್ಟುಕೊಂಡು ಸಿದ್ದರಾಮಯ್ಯನವರ ಸರ್ಕಾರ 2017ರ ಆಗಸ್ಟ್ 16ರಂದು ಜಯನಗರದಲ್ಲಿ ಈ ಯೋಜನೆಗೆ ಚಾಲನೆ ನೀಡಿತು. ತಿಂಡಿಗೆ 5 ರೂಪಾಯಿ, ಮಧ್ಯಾಹ್ನ ಮತ್ತು ರಾತ್ರಿಯ ಊಟಕ್ಕೆ ತಲಾ 10 ರೂಪಾಯಿ ಎಂದು ಅಂದು ಗೊತ್ತುಮಾಡಿದ ದರದಲ್ಲೇ ಜನ ವರ್ಷಗಟ್ಟಲೆ ಉಂಡಿದ್ದಾರೆ. ಮಿಕ್ಕ ಖರ್ಚನ್ನು ಸರ್ಕಾರವೂ ಪಾಲಿಕೆಯೂ ಭರಿಸುತ್ತವೆ. ಇಡ್ಲಿ, ಖಾರಾಬಾತ್, ಪೊಂಗಲ್‌ನಂಥ ತಿಂಡಿ, ಅನ್ನ ಸಾಂಬಾರು, ಮೊಸರನ್ನ ಎಲ್ಲವೂ ದೊಡ್ಡ ಅಡುಗೆಮನೆಗಳಲ್ಲಿ ಸಿದ್ಧವಾಗಿ ವಾಹನದಲ್ಲಿ ಬರುತ್ತವೆ. ಹೀಗಾಗಿ ರುಚಿ ಒಂದು ಹದಕ್ಕಿಂತ ಮೇಲೇರುವುದಿಲ್ಲ, ಬಹಳ ಕೆಳಗೂ ಇಳಿಯುವುದಿಲ್ಲ. ಗುತ್ತಿಗೆದಾರರ ಬಿಲ್ಲು ಬಾಕಿ ಉಳಿದು ಕೆಲವು ಕ್ಯಾಂಟೀನ್‌ಗಳು ಬಾಗಿಲು ಹಾಕಿದ ಸುದ್ದಿಯೂ ಪತ್ರಿಕೆಗಳಲ್ಲಿ ಬಂದಿತ್ತು. ಆದ್ದರಿಂದ ಯಾರನ್ನಾದರೂ ಕರೆದೊಯ್ಯುವ ಮುನ್ನ ನಿಮ್ಮ ಬಡಾವಣೆಯದು ತೆರೆದಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಬಸ್ ನಿಲ್ದಾಣದ ಬಳಿ ಕೈಯೊಡ್ಡಿದ್ದ ವೃದ್ಧರೊಬ್ಬರನ್ನು ಒಂದು ಮಧ್ಯಾಹ್ನ ಕೇಳಿದೆ: 'ತಾತ, ಊಟ ಮಾಡ್ತೀರಾ? ಇಲ್ಲೇ ಕ್ಯಾಂಟೀನ್ ಇದೆ.' ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಗಂಟನ್ನು ಹೆಗಲಿಗೇರಿಸಿ ಹೊರಟರು. ಸಾಲಿನಲ್ಲಿ ನಮ್ಮ ಮುಂದೆ ಖಾಕಿ ಅಂಗಿಯ ಆಟೋ ಚಾಲಕರು, ಹಿಂದೆ ಕಾಲೇಜಿನ ಹುಡುಗರು. ಟೋಕನ್ ಕೊಡುವಾಕೆ ಇವರು ಯಾರು, ಎಲ್ಲಿಯವರು ಎಂದು ಕೇಳಲಿಲ್ಲ. ಬಡಿಸುವ ಹುಡುಗ 'ತಟ್ಟೆ ಸರಿಯಾಗಿ ಹಿಡ್ಕೊಳ್ಳಿ ತಾತ, ಬಿಸಿ ಇದೆ' ಎಂದ. ತಾತ ಗಂಟನ್ನು ಎರಡು ಪಾದಗಳ ನಡುವೆ ಭದ್ರವಾಗಿ ಇಟ್ಟುಕೊಂಡು, ನಿಂತು ಉಣ್ಣುವ ಮೇಜಿನ ಬಳಿ ಅನ್ನ ಕಲಸಿದರು. ಧರ್ಮದ ಊಟಕ್ಕೂ ದುಡ್ಡು ಕೊಟ್ಟು ಉಣ್ಣುವ ಊಟಕ್ಕೂ ಇರುವ ಅಂತರ ಆ ಮೇಜಿನ ಬಳಿ ಕಾಣುವುದಿಲ್ಲ. ಎಲ್ಲರದೂ ಅದೇ ಟೋಕನ್, ಅದೇ ತಟ್ಟೆ. ಈ ಸೇವೆಯಲ್ಲಿ ನಾನು ಅತಿ ಹೆಚ್ಚು ಮೆಚ್ಚಿಕೊಂಡ ಅಂಶ ಇದು.

ಕೊರತೆಗಳು ವ್ಯವಸ್ಥೆಯ ರಚನೆಯಲ್ಲೇ ಇವೆ. ಊಟ ಸಿಗುವುದು ಗೊತ್ತಾದ ಹೊತ್ತಿನಲ್ಲಿ ಮಾತ್ರ. ಸಂಜೆ ನಾಲ್ಕಕ್ಕೆ ಹಸಿದವರಿಗೆ ರಾತ್ರಿಯವರೆಗೆ ಕಾಯುವುದಲ್ಲದೆ ದಾರಿಯಿಲ್ಲ. ಟೋಕನ್ ಆಯಾ ಹೊತ್ತಿನ ಊಟಕ್ಕೆ, ಆಯಾ ಕೌಂಟರಿನಲ್ಲಿ ಪಡೆಯುವಂಥದ್ದು. ಮೊದಲೇ ಹತ್ತಾರು ಕೊಂಡು ಜೇಬಿನಲ್ಲಿಟ್ಟುಕೊಂಡು, ಕೇಳಿದವರಿಗೆ ಒಂದೊಂದು ಕೊಡುವ ಅನುಕೂಲವಿಲ್ಲ. ಸಿಗ್ನಲ್ ಕೆಂಪಾಗಿರುವ ಒಂದೆರಡು ನಿಮಿಷದಲ್ಲಿ ಯಾರೂ ಯಾರನ್ನೂ ಕ್ಯಾಂಟೀನಿಗೆ ಕರೆದೊಯ್ಯಲಾರರು. ಕಾಲಿಲ್ಲದವರಿಗೆ, ಕೂಸನ್ನು ಎತ್ತಿಕೊಂಡವರಿಗೆ ಅರ್ಧ ಕಿಲೋಮೀಟರ್ ಕೂಡ ದೂರವೇ. ಊಟದ ಬೆಲೆಯನ್ನು ಸರ್ಕಾರ ಇಳಿಸಿಕೊಟ್ಟಿದೆ ನಿಜ, ಆದರೆ ಜೊತೆಗೆ ನಡೆದುಹೋಗುವ ಕಾಲು ಗಂಟೆಯನ್ನು ಕೊಡಬೇಕಾದವರು ನಾವೇ, ಮತ್ತು ಹತ್ತು ರೂಪಾಯಿ ಕೊಡಲು ಹಿಂಜರಿಯದವರೂ ಆ ಕಾಲು ಗಂಟೆಯ ವಿಷಯಕ್ಕೆ ಬಂದಾಗ ಹಿಂದೆ ಸರಿಯುತ್ತಾರೆ.

ಇನ್ನೊಂದು ಮಿತಿ ಇದಕ್ಕಿಂತ ಗಹನವಾದುದು. ಅದೇ ನಿಲ್ದಾಣದಲ್ಲಿ ಅಜ್ಜಿಯೊಬ್ಬರು ಊಟದ ಮಾತಿಗೆ ತಲೆಯಾಡಿಸಿ, 'ಊಟ ಹೆಂಗೋ ಆಗ್ತದೆ ಕಣಪ್ಪ, ಮಾತ್ರೆಗೆ ಸಾಲ್ತಿಲ್ಲ' ಎಂದು ಸೆರಗಿನ ಗಂಟು ಬಿಚ್ಚಿ, ಎರಡೇ ಮಾತ್ರೆ ಉಳಿದಿದ್ದ ಪಟ್ಟಿಯೊಂದನ್ನು ತೋರಿಸಿದರು. ಬೀದಿಯಲ್ಲಿ ಬದುಕುವವರಿಗೆ ಔಷಧ, ಬಸ್ಸಿನ ಟಿಕೆಟು, ಪಾವತಿಸಿ ಬಳಸುವ ಶೌಚಾಲಯ ಎಲ್ಲಕ್ಕೂ ನಗದೇ ಬೇಕು. ಅನ್ನವನ್ನು ಮಾತ್ರ ಕೊಡುತ್ತೇನೆ ಎಂಬ ಪಟ್ಟು, ಎದುರಿನವರ ಅಗತ್ಯವೇನೆಂದು ಅವರನ್ನು ಕೇಳದೆ ನಾವೇ ತೀರ್ಮಾನಿಸಿದಂತಾಗುತ್ತದೆ. ಕುಡಿತಕ್ಕೆ ಹೋಗುವ ಹಣವೂ ಇರುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಅಜ್ಜಿಗೆ ನಾನು ಕೊಟ್ಟದ್ದು ಹಣವನ್ನೇ.

'ಇದೆಲ್ಲ ಸರ್ಕಾರದ ಕೆಲಸ' ಎನ್ನುವವರಿಗೆ ಒಂದು ಮಾತು. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ 1975ರದು, ಆಸ್ತಿ ತೆರಿಗೆಯ ಜೊತೆ ಶೇ. 3ರಷ್ಟು ಭಿಕ್ಷುಕರ ಕರವನ್ನು ನಾವು ಕಟ್ಟುತ್ತಲೇ ಬಂದಿದ್ದೇವೆ, ಭಿಕ್ಷುಕರನ್ನು ಹಿಡಿದು ತಂದು ಇರಿಸುವ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರ ಇರುವುದೂ ಇದೇ ಏರ್ಪಾಡಿನಡಿಯಲ್ಲಿ. ಆದರೆ ಹಿಡಿದು ಕೂಡಿಹಾಕುವ ದಾರಿ ಎಲ್ಲಿಗೆ ಮುಟ್ಟಬಹುದೆಂಬುದನ್ನು 2010ರಲ್ಲಿ ಆ ಕೇಂದ್ರದಲ್ಲಿ ಸಂಭವಿಸಿದ ಸಾಲು ಸಾವುಗಳು ರಾಜ್ಯಕ್ಕೇ ತೋರಿಸಿದವು. 2018ರಲ್ಲಿ ದೆಹಲಿ ಹೈಕೋರ್ಟ್ ಅಲ್ಲಿ ಭಿಕ್ಷಾಟನೆಯನ್ನು ಅಪರಾಧವೆಂದು ಎಣಿಸುತ್ತಿದ್ದ ಕಲಮುಗಳನ್ನು ರದ್ದುಪಡಿಸಿತು. ಈ ಹಿನ್ನೆಲೆಯಲ್ಲಿ, ಯಾರನ್ನೂ ಹಿಡಿಯದೆ, ಯಾರ ಗುರುತನ್ನೂ ಕೇಳದೆ, ಬಂದವರಿಗೆ ತಟ್ಟೆ ಕೊಡುವ ಕ್ಯಾಂಟೀನ್ ನನಗೆ ಹೆಚ್ಚು ಒಪ್ಪಿತವಾಗಿ ಕಾಣುತ್ತದೆ.

ಬಳಸಬಯಸುವವರಿಗೆ ನನ್ನ ಸಲಹೆಯಿಷ್ಟು. ಸಿಗ್ನಲ್ ನಂಬಬೇಡಿ; ಮಾರುಕಟ್ಟೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಸುತ್ತ, ಕ್ಯಾಂಟೀನ್ ಕಣ್ಣಳತೆಯಲ್ಲಿರುವ ಕಡೆ ಇದು ಚೆನ್ನಾಗಿ ಕೆಲಸಮಾಡುತ್ತದೆ. ಊಟದ ಹೊತ್ತು ಮುಗಿಯುವ ಮುನ್ನವೇ ಹೋಗಿ, ಏಕೆಂದರೆ ತಂದ ಅಡುಗೆ ಖಾಲಿಯಾದರೆ ಅಷ್ಟೇ. ಹತ್ತರ ನೋಟುಗಳನ್ನು ಇಟ್ಟುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಸಾಧ್ಯವಾದರೆ ನೀವೂ ಒಂದು ಟೋಕನ್ ತೆಗೆದುಕೊಂಡು ಪಕ್ಕದಲ್ಲೇ ನಿಂತು ಉಣ್ಣಿ. ಎದುರಿಗೆ ಕೈಕಟ್ಟಿ ನಿಂತು ನೋಡುತ್ತಿದ್ದರೆ ತಾತನ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಪಾಲಿಕೆಯವರು ಮುಂಗಡ ಟೋಕನ್ ಪುಸ್ತಕವೊಂದನ್ನು ಮಾರಾಟಕ್ಕೆ ತಂದರೆ ನನ್ನ ಅಭಿಪ್ರಾಯವನ್ನು ಮರುಪರಿಶೀಲಿಸಲು ಸಿದ್ಧನಿದ್ದೇನೆ.