ಡಾಂಬರು ಟ್ಯಾಂಕಿನ ಬುಡಕ್ಕೆ ಕಾಂಕ್ರೀಟೋ, ಮರಳೋ, ಫೋಮ್ ಗ್ಲಾಸೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಫೋಮ್ ಗ್ಲಾಸಿಗೆ, ಅಂದರೆ ಗುಳ್ಳೆ ತುಂಬಿದ ಗಾಜಿನ ಬ್ಲಾಕಿಗೆ. ಅಲ್ಲಿಗೆ ಬರುವಷ್ಟರಲ್ಲಿ ಎರಡು ಸಲ ದುಡ್ಡು ಕಳೆದುಕೊಂಡಿದ್ದೇನೆ.

ಅಂಕೋಲಾ ಹತ್ತಿರ ನಮ್ಮದೊಂದು ಚಿಕ್ಕ ಹಾಟ್‌ಮಿಕ್ಸ್ ಪ್ಲಾಂಟ್, ರಸ್ತೆಗೆ ಹಾಕುವ ಜಲ್ಲಿ-ಡಾಂಬರು ಬಿಸಿಯಾಗಿ ಕಲಸುವ ಘಟಕ. ಡಾಂಬರು ಟ್ಯಾಂಕು ನಿಂತ ಡ್ರಮ್ಮಿನ ಹಾಗೆ, ತಳ ಪೂರ್ತಿ ನೆಲಕ್ಕೆ ಕೂರುವಂಥದ್ದು. ಒಳಗೆ 150 ಡಿಗ್ರಿ ಆಸುಪಾಸು.

ಮೊದಲ ಸಲ ಆರ್‌ಸಿಸಿ (ಕಬ್ಬಿಣ ಹಾಕಿದ ಕಾಂಕ್ರೀಟ್) ಬೆಡ್ ಮೇಲೆ ನೇರ ಕೂರಿಸಿದೆವು. ನಡುಭಾಗ ಕಾದು ಹಿಗ್ಗಿತು, ಅಂಚು ತಣ್ಣಗಿತ್ತು. ಎರಡನೇ ವರ್ಷಕ್ಕೆ ಬಿರುಕು. ಅಷ್ಟೇ ಕತೆ.

ಆಮೇಲೆ ಮರಳು. ಸುತ್ತ ಕಾಂಕ್ರೀಟ್ ರಿಂಗ್ ಕಟ್ಟಿ, ಒಳಗೆ ತುಂಬಿ, ದಮ್ಮಸ್ಸು ಹೊಡೆಸಿದೆವು. ಬೇಸಿಗೆಯಲ್ಲಿ ಚಿನ್ನದಂಥ ಕೆಲಸ. ಒಣ ಮರಳು ಶಾಖವನ್ನು ಸುಲಭಕ್ಕೆ ಬಿಡುವುದಿಲ್ಲ. ಜೂನ್ ಬಂತು ನೋಡಿ! ಕಾರವಾರ ಕಡೆ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ. ರಿಂಗಿನಲ್ಲಿ ನೀರು ಹೋಗಲು ತೂತು ಬಿಟ್ಟಿರಲಿಲ್ಲ (ನಾನೇ ಮರೆತಿದ್ದೆ). ಮರಳು ನೀರು ಕುಡಿದು ಕೂತಿತು. ಒದ್ದೆ ಮರಳು ಒಣ ಮರಳಿಗಿಂತ ಹಲವು ಪಟ್ಟು ಶಾಖ ಎಳೆಯುತ್ತದೆ. ಬೆಳಿಗ್ಗೆ ಬರ್ನರ್ ಹಚ್ಚಿದರೆ ಟ್ಯಾಂಕಿನ ಬುಡದಿಂದ ಇಡ್ಲಿ ಪಾತ್ರೆಯ ಹಾಗೆ ಹಬೆ. ಡೀಸೆಲ್ ಸುಡುತ್ತಿದ್ದುದು ಡಾಂಬರಿಗೋ, ಮರಳಿನ ನೀರಿಗೋ?

ತೂತು ಕೊರೆಸಿದೆ, ಚರಂಡಿ ತೆಗೆಸಿದೆ. ನೀರು ಹೋಯಿತು, ತೇವ ಹೋಗಲಿಲ್ಲ. ಕೊನೆಗೆ ಟ್ಯಾಂಕ್ ಖಾಲಿ ಮಾಡಿ ಎತ್ತಿಸಿದರೆ ತಳದ ತಗಡಿನ ಅಂಚಿನಲ್ಲಿ ತುಕ್ಕು ಹಪ್ಪಳದ ಹಾಗೆ ಎದ್ದಿತ್ತು. ಉಗುರಿಗೆ ಪದರ ಪದರವಾಗಿ ಬಂತು. ಹೊಳೆ ಮರಳು ಹಾಕಿಯೇ ಹೀಗೆ. ಕಡಲ ಮರಳಾಗಿದ್ದರೆ ಉಪ್ಪು ಇನ್ನೂ ಬೇಗ ತಿನ್ನುತ್ತಿತ್ತು, ಅಲ್ವಾ?

ಈಗ ಇರುವುದು ಫೋಮ್ ಗ್ಲಾಸ್. ಕಪ್ಪು ಬ್ಲಾಕ್, ತುಂಬ ಹಗುರ. ಒಳಗೆಲ್ಲ ಮುಚ್ಚಿದ ಗುಳ್ಳೆಗಳು, ಹಾಗಾಗಿ ನೀರು ಕುಡಿಯುವುದಿಲ್ಲ. ಅಷ್ಟೇ ದಪ್ಪದ ಕಾಂಕ್ರೀಟಿನಲ್ಲಿ ಇಳಿಯುವ ಶಾಖದಲ್ಲಿ ಸುಮಾರು 30ರಲ್ಲಿ ಒಂದು ಪಾಲು ಮಾತ್ರ ಇದರಲ್ಲಿ ಇಳಿಯುತ್ತದೆ. ಕೆಳಗೆ ಮತ್ತೆ ಕಾಂಕ್ರೀಟ್ ಬೆಡ್ಡೇ ಇದೆ, ಆದರೆ ಅದಕ್ಕೀಗ ಆ ಬಿಸಿ ತಟ್ಟುವುದಿಲ್ಲ. ಗರಗಸದಲ್ಲಿ ಕೊಯ್ದಾಗ ಕೊಳೆತ ಮೊಟ್ಟೆ ವಾಸನೆ. "ಸಾಹೇಬ್ರೆ, ಎಲ್ಲೋ ಗ್ಯಾಸ್ ಸೋರ್ತಿದೆ" ಅಂತ ವೆಲ್ಡರ್ ಕೆಲಸವನ್ನೇ ನಿಲ್ಲಿಸಿದ್ದ. ಗುಳ್ಳೆಯೊಳಗೆ ಸಿಕ್ಕಿಕೊಂಡ ಅನಿಲ ಅದು. ಭಾರ ಸಮನಾಗಿ ಕೂತರೆ ಹೊರುತ್ತದೆ, ಕೆಳಗೊಂದು ಚೂಪು ಜಲ್ಲಿ ಇದ್ದರೆ ಪುಡಿ.

ರೇಟು ಜಾಸ್ತಿಯೇ. ಲಾರಿಯಲ್ಲಿ ಒಂದಿಷ್ಟು ಒಡೆದೇ ಬಂದವು.

ಮಳೆಗಾಲ ಪೂರ್ತಿ ಪ್ಲಾಂಟ್ ಮುಚ್ಚುವವರಾದರೆ ಸುಮ್ನೆ ಮರಳು ಹಾಕಿ, ತೂತು ಮಾತ್ರ ಬಿಡಿ. ನನಗೆ ಜುಲೈನಲ್ಲೂ ಗುಂಡಿ ಮುಚ್ಚುವ ಕೆಲಸ ಬರುತ್ತದೆ. ಸಾಲ ಮಾಡಿಯೇ ಬ್ಲಾಕ್ ತರಿಸಿದೆ, ಇನ್ನೂ 11 ಕಂತು ಬಾಕಿ.