ಒಂದೇ ಸುತ್ತು, ಎರಡು ದಿಕ್ಕು: ಜೌಗು ಮೊದಲಾ, ಗುಡ್ಡ ಮೊದಲಾ?

84 ಕಿ.ಮೀ. ಸುತ್ತು ಇದು. ಸೇತುವೆ ಹತ್ತಿರ ಶುರು, ಮತ್ತೆ ಅಲ್ಲಿಗೇ ಬಂದು ಮುಗಿಯುತ್ತದೆ. 24 ಕಿ.ಮೀ. ಸಂರಕ್ಷಿತ ಜೌಗು ಪ್ರದೇಶದ ಮಣ್ಣಿನ ಏರಿ, 40 ಕಿ.ಮೀ. ನದಿ ಕಣಿವೆ, ಉಳಿದ 20 ಕಿ.ಮೀ. ಗುಡ್ಡ ಹತ್ತಿ ಇಳಿಯುವುದು. ಮೂರು ಸಲ ಜೌಗಿನ ಕಡೆಯಿಂದ ಹೊರಟೆ, ಮೂರು ಸಲ ಗುಡ್ಡದ ಕಡೆಯಿಂದ. ಸೈಕಲ್ ಅದೇ, ಹೊರಡುವ ಹೊತ್ತೂ ಅದೇ, ಬೆಳಿಗ್ಗೆ ಆರು. ಹೊರಟ ಜಾಗಕ್ಕೇ ವಾಪಸ್ ಬರುವುದರಿಂದ ಒಟ್ಟು ಏರು ಎರಡೂ ಕಡೆ ಒಂದೇ. ಆದರೆ ಮೈಗೆ ಅದು ಒಂದೇ ಅನ್ನಿಸುವುದಿಲ್ಲ.

ಮುಖ್ಯ ಕಾರಣ ಗಾಳಿ. ಬಿಸಿಲೇರಿದಂತೆ ಕಣಿವೆಯ ಇಳಿಜಾರುಗಳು ಕಾಯುತ್ತವೆ, ಅಲ್ಲಿನ ಬಿಸಿ ಗಾಳಿ ಮೇಲೇಳುತ್ತದೆ. ಆ ಜಾಗ ತುಂಬಲು ಕೆಳಗಿನ ಬಯಲಿಂದ ಗಾಳಿ ಕಣಿವೆಯೊಳಗೆ ನುಗ್ಗುತ್ತದೆ. ಅಂದರೆ ಹಗಲಲ್ಲಿ ಗಾಳಿ ಕೆಳಗಿಂದ ಮೇಲಕ್ಕೆ, ರಾತ್ರಿ ಇದಕ್ಕೆ ಉಲ್ಟಾ. ಜೌಗು ಮುಗಿಸಿ ಕಣಿವೆಗೆ ಬಂದಾಗ ಇನ್ನೂ ಎಂಟಾಗಿರುವುದಿಲ್ಲ. ರಾತ್ರಿಯ ತಣ್ಣನೆ ಗಾಳಿ ಸ್ವಲ್ಪ ಮುಖಕ್ಕೆ ಬಡಿಯುತ್ತದೆ, ನಿಜ. ಒಂಬತ್ತು ದಾಟಿದ ಮೇಲೆ ಅದು ನಿಂತು, ಬೆನ್ನಿಗೆ ಕೈ ಕೊಟ್ಟು ನೂಕಿದ ಹಾಗೆ ಆಗುತ್ತದೆ. ಏರುದಾರಿ ಅಂತ ನೆನಪೇ ಇರುವುದಿಲ್ಲ.

ಗುಡ್ಡದ ಕಡೆಯಿಂದ ಬಂದರೆ ಇದೇ ಗಾಳಿ ಎದುರು. ನದಿಯ ಜೊತೆ ಕೆಳಕ್ಕೆ ಹೋಗುತ್ತೇವಲ್ಲ, ಸುಲಭ ಇರಬೇಕು ಅಂದುಕೊಂಡಿದ್ದೆ. ಆದರೆ 40 ಕಿ.ಮೀ.ಗೆ ಇಳಿಯುವುದು ಬರೀ 200 ಮೀಟರ್, ಅಂದರೆ ಶೇ. 0.5 ಇಳಿಜಾರು. ಅದರಿಂದ ಸಿಗುವ ಸಹಾಯ ತುಂಬಾ ಕಮ್ಮಿ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುವಾಗ ಎದುರಿಂದ 15 ಕಿ.ಮೀ. ಗಾಳಿ ಬಂದರೆ, ಗಾಳಿಯ ತಡೆ ಗಾಳಿಯಿಲ್ಲದ ದಿನಕ್ಕಿಂತ ಸುಮಾರು ಮೂರು ಪಟ್ಟು ಆಗುತ್ತದೆ. ಇನ್ನೊಂದು ವಿಷಯ, ಕಣಿವೆಯ ದಾರಿ ಸಪಾಟಾಗಿಲ್ಲ. ಹಳ್ಳ ಬಂದು ನದಿಗೆ ಸೇರುವ ಕಡೆಯೆಲ್ಲ ದಾರಿ ಇಳಿದು ಮತ್ತೆ ಹತ್ತುತ್ತದೆ. ಒಂದೊಂದೂ ಹದಿನೈದು ಇಪ್ಪತ್ತು ಮೀಟರ್ ಅಷ್ಟೆ. ಎದುರುಗಾಳಿಯಲ್ಲಿ ಇಳಿದ ವೇಗ ಮುಂದಿನ ಏರಿಗೆ ಉಳಿಯುವುದೇ ಇಲ್ಲ. ಬೆನ್ನಿಗೆ ಗಾಳಿ ಇದ್ದಾಗ ಅರ್ಧ ಏರು ಹಾಗೇ ದಾಟುತ್ತದೆ.

ಇನ್ನು ಜೌಗು. ಇಲ್ಲಿ ನಾನು ಪಕ್ಷಪಾತಿ, ಒಪ್ಪಿಕೊಳ್ಳುತ್ತೇನೆ. ಬೆಳಿಗ್ಗೆ ಆರೂವರೆಗೆ ಏರಿಯ ಮೇಲೆ ಮಂಜು ಮೊಣಕಾಲೆತ್ತರಕ್ಕೆ ನಿಂತಿರುತ್ತದೆ. ಜೊಂಡಿನ ತುದಿಯಲ್ಲಿ ಇಬ್ಬನಿ ಇರುತ್ತದೆ, ಪಕ್ಕದಲ್ಲಿ ಹಾದರೆ ತೋಳೆಲ್ಲ ಒದ್ದೆ. ಒಂದು ಮಿಂಚುಳ್ಳಿ ಹಲಗೆ ಸೇತುವೆಯ ಕಂಬದ ಮೇಲೆ ಕೂತಿತ್ತು. ಸೈಕಲ್ ನಿಲ್ಲಿಸಿ ಒಂದು ಕಾಲು ಊರಿ ಸುಮ್ನೆ ನೋಡುತ್ತಾ ನಿಂತೆ. ಅದು ಎರಡು ಸಲ ನೀರಿಗೆ ಧುಮುಕಿ ಮತ್ತೆ ಅದೇ ಕಂಬಕ್ಕೆ ಬಂದು ಕೂತಿತು. ಗುಡ್ಡದ ಕಡೆಯಿಂದ ಬಂದಾಗ ಇಲ್ಲಿಗೆ ಮುಟ್ಟುವುದು ಹತ್ತೂವರೆಗೆ. ಆಗ ನೆತ್ತಿ ಸುಡುವ ಬಿಸಿಲು, 24 ಕಿ.ಮೀ. ಉದ್ದಕ್ಕೂ ಒಂದು ನೆರಳಿಲ್ಲ. ಹಕ್ಕಿಗಳೆಲ್ಲ ಜೊಂಡಿನೊಳಗೆ. ಏರಿ ಮೇಲೆ ನಡೆಯುವವರೂ ಜಾಸ್ತಿ.

ಹಾಗಂತ ಜೌಗು ಮೊದಲು ಹೋದರೆ ಎಲ್ಲವೂ ಚೆನ್ನ ಅಂತಲ್ಲ. ಬೆಳಗಿನ ಹಲಗೆ ಸೇತುವೆ ಪಾಚಿ ಮತ್ತು ಇಬ್ಬನಿಯಿಂದ ಜಾರುತ್ತದೆ. ಅಲ್ಲಿ ನೇರ ಹೋಗಬೇಕು, ತಿರುಗಿಸುತ್ತಾ ಬ್ರೇಕ್ ಒತ್ತಬಾರದು. ಇನ್ನೊಂದು ಚೈನ್. ಮೊದಲೇ ಕೆಸರು ಹತ್ತಿಕೊಂಡರೆ ಉಳಿದ 60 ಕಿ.ಮೀ. ಕರಕರ ಅನ್ನುತ್ತಲೇ ತುಳಿಯಬೇಕು. ನಾನು ಈಗ ಏರಿ ಮುಗಿದ ಕೂಡಲೇ ಬಾಟಲಿ ನೀರು ಸುರಿದು, ಬಟ್ಟೆಯಲ್ಲಿ ಒರೆಸಿ, ಎಣ್ಣೆ ಹಾಕುತ್ತೇನೆ. ಹತ್ತು ನಿಮಿಷದ ಕೆಲಸ. ಗುಡ್ಡದ ಕಡೆಯಿಂದ ಬಂದರೆ ಈ ಗೋಳಿಲ್ಲ, ಕೆಸರು ಕೊನೆಗೆ ತಾನೆ?

ಟೈರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 28 ಮಿ.ಮೀ. ಏರಿಯ ಮೆದು ಮಣ್ಣಲ್ಲಿ ಹೂತುಹೋಯಿತು. 38 ಮಿ.ಮೀ.ಗೆ ಗಾಳಿ ಸ್ವಲ್ಪ ಕಮ್ಮಿ ಹಾಕಿ ಹೋದೆ, ಎಲ್ಲ ಕಡೆಗೂ ಅದೇ ಸರಿಹೋಯಿತು.

ಗುಡ್ಡಕ್ಕೆ ಎರಡು ಮುಖ. ಸೇತುವೆ ಕಡೆಯದು 15 ಕಿ.ಮೀ., ಶೇ. 4 ಏರು. ಕಣಿವೆ ಕಡೆಯದು 5 ಕಿ.ಮೀ., ಶೇ. 8. ಜೌಗು ಮೊದಲು ಹೋದರೆ 64 ಕಿ.ಮೀ. ತುಳಿದ ಕಾಲಲ್ಲಿ ಆ ಕಡಿದಾದ ಮುಖ ಹತ್ತಬೇಕು. ಈ ಸುತ್ತಿನ ನಿಜವಾದ ಕಷ್ಟ ಇದೇ. ಮೊದಲ ಸಲ ಹಿಂದಿನ ದೊಡ್ಡ ಹಲ್ಲುಚಕ್ರ 28 ಹಲ್ಲಿನದಿತ್ತು, ತೊಡೆ ನಡುಗಿತು. ಆಮೇಲೆ ಮುಂದೆ 34, ಹಿಂದೆ 34 ಮಾಡಿಕೊಂಡೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿ.ಮೀ. ಬರುತ್ತದೆ. ನಲವತ್ತು ನಿಮಿಷ ಹಿಡಿಯುತ್ತದೆ, ಆದರೆ ಇಳಿದು ತಳ್ಳುವ ಪ್ರಮೇಯ ಬರಲಿಲ್ಲ.

ಗುಡ್ಡದ ಕಡೆಯಿಂದ ಹೊರಟರೆ ಏರು ತಾಜಾ ಕಾಲಿಗೆ ಸಿಗುತ್ತದೆ, ಅದು ನಿಜವಾಗಿ ಹಿತ. ತೊಂದರೆ ಇರುವುದು ಆಚೆ ಇಳಿಯುವಾಗ. ಬೆಳಗ್ಗೆ ಮರದ ನೆರಳಲ್ಲಿ ರಸ್ತೆ ಒದ್ದೆ, ತಿರುವಿನಲ್ಲಿ ಜಲ್ಲಿ. ನನ್ನದು ರಿಮ್ ಬ್ರೇಕ್. ರಿಮ್ ಒದ್ದೆಯಾದರೆ ಒತ್ತಿದ ಕೂಡಲೇ ಹಿಡಿಯುವುದಿಲ್ಲ, ಪ್ಯಾಡ್ ಮೊದಲು ನೀರು ಒರೆಸಬೇಕು. ಆ ಒಂದೆರಡು ಕ್ಷಣ ತುಂಬಾ ಉದ್ದ ಅನ್ನಿಸುತ್ತವೆ. ಒಂದು ತಿರುವಿನಲ್ಲಿ ರಸ್ತೆಯ ಅಂಚಿನ ತನಕ ಹೋಗಿ ನಿಂತೆ. ಅದೇ ಇಳಿಜಾರನ್ನು ಏರಾಗಿ ಹತ್ತುವಾಗ ಭಯದ ಮಾತೇ ಇಲ್ಲ.

ಸಮಯ ನೋಡಿದರೆ ಜೌಗು ಮೊದಲು ಹೋದಾಗ ಸುಮಾರು ಐದು ಗಂಟೆ, ಗುಡ್ಡ ಮೊದಲು ಹೋದಾಗ ಐದೂವರೆ. ನನ್ನ ಆಯ್ಕೆ ಜೌಗು ಮೊದಲು. ದಟ್ಟ ಮೋಡ ಕವಿದ ದಿನ ಮಾತ್ರ ಬೇರೆ. ಬಿಸಿಲಿಲ್ಲದಿದ್ದರೆ ಕಣಿವೆಯ ಗಾಳಿ ಅಷ್ಟಾಗಿ ಏಳುವುದಿಲ್ಲ, ಏರಿ ಮೇಲೆ ತಲೆ ಸುಡುವುದೂ ಇಲ್ಲ. ಡಿಸ್ಕ್ ಬ್ರೇಕ್ ಇದ್ದು, ರಸ್ತೆ ಒಣಗಿದ್ದರೆ ಅಂಥ ದಿನ ಗುಡ್ಡದ ಕಡೆಯಿಂದ ಹೊರಡಿ. ಸುಸ್ತಾದ ಕಾಲಿಗೆ ಕೊನೆಯ 24 ಕಿ.ಮೀ. ಸಪಾಟು ಸಿಗುತ್ತದೆ.